ಕೊಡಲು ಕಲಿಸುವ ಆಟಗಳು



“ಈಗಿನ ಶಾಲೆಗಳಲ್ಲಿ ಪಾಠಕ್ಕಿಂತ ಆಟವೇ ಜಾಸ್ತಿ. ಮಕ್ಕಳನ್ನು ಗುಂಪು ಮಾಡಿ ಕೂರಿಸುತ್ತಾರೆ, ರಟ್ಟು ಕತ್ತರಿಸಿ ಜೋಡಿಸಲು ಹೇಳುತ್ತಾರೆ, ಬಟ್ಟೆ ಹಿಡಿಸಿ ಅಂಗಳದಲ್ಲಿ ನಡೆಸುತ್ತಾರೆ. ನಾವು ಫೀಸು ಕಟ್ಟುವುದು ಇದಕ್ಕೇನಾ?” ಪೋಷಕರ ಸಭೆಯಲ್ಲಿ ಈ ಮಾತು ಆಗಾಗ ಕೇಳಿ ಬರುತ್ತದೆ. ಪ್ರಶ್ನೆ ತಪ್ಪಲ್ಲ. ಕೊಲ್ಲಿ ರಾಷ್ಟ್ರದ ಬಿಸಿಲಿನಲ್ಲಿ ದುಡಿದು ಗಂಡ ಕಳಿಸುವ ಹಣದಿಂದ ಫೀಸು ಕಟ್ಟುವ ತಾಯಿಗೆ ಲೆಕ್ಕ ಕೇಳುವ ಹಕ್ಕಿದೆ.

ಆದರೆ ಅದೇ ತಾಯಂದಿರ ಬಾಯಿಯಿಂದ ಇನ್ನೊಂದು ಮಾತೂ ಬರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮಗಳ ಬ್ಯಾಗಿಗೆ ಪುಸ್ತಕ ತುಂಬಿಸುತ್ತಾ, “ನಿನ್ನ ನೋಟ್ಸ್ ಯಾರಿಗೂ ಕೊಡಬೇಡ. ಕೊಟ್ಟರೆ ಅವಳೇ ನಿನಗಿಂತ ಮುಂದೆ ಹೋಗುತ್ತಾಳೆ” ಎನ್ನುತ್ತೇವೆ. ಮಗಳು ಅದನ್ನು ಚೆನ್ನಾಗಿ ಕಲಿಯುತ್ತಾಳೆ. ಯಾವ ಪಾಠವನ್ನು ಮರೆತರೂ ಈ ಪಾಠವನ್ನು ಮರೆಯುವುದಿಲ್ಲ. ಇಪ್ಪತ್ತು ವರ್ಷಗಳ ನಂತರ ತಂದೆಯ ಮನೆಯ ಪಾಲಿನ ಮಾತುಕತೆಗೆ ಅಣ್ಣ ತಮ್ಮ ಅಕ್ಕ ತಂಗಿಯರು ಕುಳಿತಾಗ ಅದು ಹೊರಗೆ ಬರುತ್ತದೆ. ಆಗ ನಾವು, “ಇಷ್ಟು ಓದಿಸಿದೆವು, ಇವರಿಗೆ ಒಟ್ಟಿಗೆ ಕುಳಿತು ಒಂದು ಮಾತು ತೀರ್ಮಾನಿಸಲು ಬರುವುದಿಲ್ಲವಲ್ಲ” ಎಂದು ಕಣ್ಣೀರು ಹಾಕುತ್ತೇವೆ.

ಒಟ್ಟಿಗೆ ಕೆಲಸ ಮಾಡುವುದು ಹುಟ್ಟಿನಿಂದ ಬರುವ ಗುಣವಲ್ಲ. ಅದನ್ನೂ ಲೆಕ್ಕದಂತೆ, ಕುರ್‌ಆನ್ ಪಾರಾಯಣದಂತೆ ಅಭ್ಯಾಸ ಮಾಡಿಸಬೇಕು. ಶಾಲೆಯ ಗುಂಪು ಆಟಗಳು ಇರುವುದು ಆ ಅಭ್ಯಾಸಕ್ಕಾಗಿಯೇ. ನಮ್ಮ ರಾಜ್ಯಕ್ಕೆ ಇದು ಹೊಸತೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಚಿಕ್ಕ ಮಕ್ಕಳು ಗುಂಪುಗಳಲ್ಲಿ ಕುಳಿತು ಕಾರ್ಡುಗಳ ಮೂಲಕ ಕಲಿಯುತ್ತಾರೆ. ಈ ತಿಂಗಳು, ತರಗತಿಯಲ್ಲಿಯೂ ಮನೆಯಲ್ಲಿಯೂ ಆಡಿಸಬಹುದಾದ ಕೆಲವು ಆಟಗಳನ್ನು ನೋಡೋಣ.

ಮೂರು ಚೌಕ, ಏಳು ತುಂಡು

ಅಲೆಕ್ಸ್ ಬವೆಲಾಸ್ ಎಂಬ ಮನಶ್ಶಾಸ್ತ್ರಜ್ಞರು ಐದು ಜನರಿಗಾಗಿ ಐದು ಚೌಕಗಳ ಒಂದು ಸಮಸ್ಯೆಯನ್ನು ರೂಪಿಸಿದರು. ಮುಂದೆ ಅದು ಶಿಕ್ಷಕರ ತರಬೇತಿಗಳಲ್ಲಿ ‘ಒಡೆದ ಚೌಕಗಳು’ ಎಂಬ ಹೆಸರಿನಲ್ಲಿ ಹರಡಿತು. ಅದರ ಸರಳ ರೂಪವನ್ನು ಮೂರು ಮಕ್ಕಳಿಗಾಗಿ ಹೀಗೆ ಮಾಡಿಕೊಳ್ಳಬಹುದು.

ರಟ್ಟಿನಿಂದ ಆರು ಇಂಚಿನ ಮೂರು ಚೌಕಗಳನ್ನು ಕತ್ತರಿಸಿ. ಪ್ರತಿಯೊಂದರ ಮೇಲೆ ಕೂಡಿಸುವ ಚಿಹ್ನೆಯಂತೆ ಎರಡು ಗೆರೆ ಎಳೆದು ನಾಲ್ಕು ಮನೆ ಮಾಡಿ. ಮೊದಲನೆಯ ಚೌಕದಿಂದ ಒಂದು ಮೂಲೆಯ ಮನೆಯನ್ನು ಮಾತ್ರ ಕತ್ತರಿಸಿ ತೆಗೆಯಿರಿ. ಒಂದು ಚಿಕ್ಕ ಚೌಕ ಮತ್ತು ಮೂಲೆ ಮುರಿದ ಒಂದು ದೊಡ್ಡ ತುಂಡು ಸಿಗುತ್ತದೆ. ಎರಡನೆಯದನ್ನೂ ಹಾಗೆಯೇ ಮಾಡಿ. ಮೂರನೆಯದನ್ನು ನಡುವೆ ಕತ್ತರಿಸಿ ಎರಡು ಉದ್ದ ತುಂಡು ಮಾಡಿ. ಒಂದನ್ನು ಹಾಗೆಯೇ ಇಟ್ಟು, ಇನ್ನೊಂದನ್ನು ಎರಡು ಚಿಕ್ಕ ಚೌಕಗಳಾಗಿ ಕತ್ತರಿಸಿ. ಈಗ ನಿಮ್ಮಲ್ಲಿ ಮೂಲೆ ಮುರಿದ ತುಂಡು ಎರಡು, ಉದ್ದ ತುಂಡು ಒಂದು, ಚಿಕ್ಕ ಚೌಕ ನಾಲ್ಕು, ಒಟ್ಟು ಏಳು ತುಂಡುಗಳಿವೆ. ಮೇಲಿನ ಗೆರೆಗಳು ಕಾಣದಂತೆ ತುಂಡುಗಳನ್ನು ಮಗುಚಿಡಿ.

ನಾಲ್ಕು ಚಿಕ್ಕ ಚೌಕಗಳನ್ನು ಒಂದು ಲಕೋಟೆಯಲ್ಲಿ ಹಾಕಿ. ಒಂದು ಮೂಲೆ ಮುರಿದ ತುಂಡು ಮತ್ತು ಉದ್ದ ತುಂಡನ್ನು ಎರಡನೆಯ ಲಕೋಟೆಗೆ, ಉಳಿದ ಒಂದು ತುಂಡನ್ನು ಮೂರನೆಯ ಲಕೋಟೆಗೆ ಹಾಕಿ. ಒಬ್ಬೊಬ್ಬ ಮಗುವಿಗೆ ಒಂದೊಂದು ಲಕೋಟೆ ಕೊಡಿ. ನಿಯಮ ಮೂರೇ. ಮಾತಾಡಬಾರದು. ಇನ್ನೊಬ್ಬರ ತುಂಡನ್ನು ತೆಗೆದುಕೊಳ್ಳಬಾರದು, ಸನ್ನೆ ಮಾಡಿ ಕೇಳಲೂಬಾರದು. ತನ್ನಲ್ಲಿರುವುದನ್ನು ಇನ್ನೊಬ್ಬರಿಗೆ ಕೊಡಬಹುದು. ಮೂವರ ಮುಂದೆಯೂ ಒಂದೇ ಅಳತೆಯ ಚೌಕ ಪೂರ್ತಿಯಾದಾಗ ಆಟ ಮುಗಿಯುತ್ತದೆ.

ಏನಾಗುತ್ತದೆ ಗೊತ್ತೇ? ನಾಲ್ಕು ಚಿಕ್ಕ ಚೌಕ ಸಿಕ್ಕಿದ ಮಗು ಅರ್ಧ ನಿಮಿಷದಲ್ಲಿ ಜೋಡಿಸಿ, ಕೈಕಟ್ಟಿ ಕುಳಿತುಬಿಡುತ್ತದೆ. ಅದರ ಕೆಲಸ ಮುಗಿಯಿತು. ಉಳಿದಿಬ್ಬರು ಎಷ್ಟೇ ಪ್ರಯತ್ನಿಸಿದರೂ ಚೌಕ ಆಗುವುದಿಲ್ಲ. ಅವರಲ್ಲಿರುವ ಮೂರು ತುಂಡುಗಳಿಂದ ಎರಡು ಚೌಕ ಆಗಲು ಸಾಧ್ಯವೇ ಇಲ್ಲ. ಮೊದಲು ಮುಗಿಸಿದ ಮಗು ತನ್ನ ಸುಂದರವಾದ ಚೌಕವನ್ನು ಒಡೆದು, ಇಬ್ಬರಿಗೂ ಒಂದೊಂದು ಚಿಕ್ಕ ಚೌಕ ಕೊಡಬೇಕು. ಆಗ ಅದರ ಬಳಿ ಎರಡೇ ಉಳಿಯುತ್ತವೆ. ಉದ್ದ ತುಂಡು ಇರುವವರು ಅದನ್ನು ಇದಕ್ಕೆ ಕೊಡಬೇಕು. ಆಗಲೇ ಮೂರೂ ಪೂರ್ತಿಯಾಗುವುದು.

ಆರನೇ ತರಗತಿಯಲ್ಲಿ ಇದನ್ನು ಆಡಿಸಿದಾಗ, ಯಾವಾಗಲೂ ಮೊದಲ ರ‍್ಯಾಂಕ್ ಬರುವ ಹುಡುಗಿಗೆ ಆ ಲಕೋಟೆ ಹೋಯಿತು. ಆಕೆ ಜೋಡಿಸಿ ಮುಗಿಸಿ, ಗೋಡೆಯ ಗಡಿಯಾರ ನೋಡಿ, ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಆಕೆ ಪಕ್ಕದವರ ಕಡೆಗೆ ತಿರುಗಲು ಏಳು ನಿಮಿಷ ಬೇಕಾಯಿತು. ಇಬ್ಬರ ಮುಂದೆಯೂ ಮೂಲೆ ಖಾಲಿ ಇರುವುದನ್ನು ಕಂಡಳು. ತನ್ನ ಚೌಕದ ಮೇಲೆ ಕೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಕೊನೆಗೆ ಒಂದು ತುಂಡನ್ನು ಎತ್ತಿ ಪಕ್ಕದವಳ ಮುಂದೆ ಇಟ್ಟಳು. ಆಟ ಮುಗಿದ ನಂತರ, “ಒಡೆಯುವಾಗ ನಾನು ಸೋತೆ ಅಂತ ಅನಿಸಿತು ಟೀಚರ್. ಆಮೇಲೆ ಅವಳು ಉದ್ದದ್ದನ್ನು ನನಗೆ ಕೊಟ್ಟಳು” ಎಂದಳು. ಇಷ್ಟು ಮಾತನ್ನು ಯಾವ ನೀತಿಪಾಠದಿಂದ ಹೇಳಿಸಲು ಸಾಧ್ಯ?

ಒಳಿತಿನಲ್ಲಿ ಮತ್ತು ತಕ್ವಾದಲ್ಲಿ ಪರಸ್ಪರ ಸಹಕರಿಸಬೇಕು, ಪಾಪ ಮತ್ತು ಅತಿಕ್ರಮದಲ್ಲಿ ಸಹಕರಿಸಬಾರದು ಎಂಬುದು ಸೂರಃ ಅಲ್ ಮಾಇದಃದ ಎರಡನೆಯ ವಚನದಲ್ಲಿರುವ ಆದೇಶ. ನಾವೆಲ್ಲ ಅದನ್ನು ಕೇಳಿದ್ದೇವೆ. ಆದರೆ ಸಹಕಾರಕ್ಕೆ ಒಂದು ಬೆಲೆ ಇದೆ, ಕೆಲವೊಮ್ಮೆ ನಮ್ಮ ಪೂರ್ತಿಯಾದ ಚೌಕವನ್ನೇ ಒಡೆಯಬೇಕಾಗುತ್ತದೆ ಎಂಬುದು ಕೈಯಿಂದ ಮಾಡಿದಾಗಲೇ ಮಗುವಿಗೆ ಅರ್ಥವಾಗುವುದು.

ಬಟ್ಟೆಯ ಮೇಲಿನ ಚೆಂಡು

ಎರಡನೆಯ ಆಟಕ್ಕೆ ಬೇಕಾಗಿರುವುದು ಒಂದು ಹಳೆಯ ಬೆಡ್‌ಶೀಟ್, ಒಂದು ಚೆಂಡು ಮತ್ತು ಒಂದು ಬಕೆಟ್. ಎಂಟು ಮಕ್ಕಳು ಬಟ್ಟೆಯ ಅಂಚನ್ನು ಸುತ್ತಲೂ ಹಿಡಿಯಬೇಕು. ನಡುವೆ ಚೆಂಡು. ಅದನ್ನು ಕೈಯಿಂದ ಮುಟ್ಟದೆ ಜಗಲಿಯಿಂದ ಅಂಗಳದ ಆ ತುದಿಯವರೆಗೆ ಕೊಂಡೊಯ್ದು ಬಕೆಟ್ಟಿಗೆ ಬೀಳಿಸಬೇಕು. ಬಿದ್ದರೆ ಮತ್ತೆ ಮೊದಲಿನಿಂದ.

ಮೊದಲ ಸಲ ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಯಾರೂ ಕೇಳುವುದಿಲ್ಲ, ಚೆಂಡು ಬೀಳುತ್ತದೆ. ಎರಡನೆಯ ಸಲ ಜೋರಾಗಿ ಕೂಗುವವನೊಬ್ಬ ನಾಯಕನಾಗುತ್ತಾನೆ, ಆಗಲೂ ಬೀಳುತ್ತದೆ. ಮೂರನೆಯ ಸಲ ಯಾರಾದರೂ ಒಂದು ವಿಷಯ ಗಮನಿಸುತ್ತಾರೆ: ಚೆಂಡು ಯಾವಾಗಲೂ ಗುಂಪಿನ ಅತ್ಯಂತ ಗಿಡ್ಡ ಮಗುವಿನ ಕಡೆಗೇ ಉರುಳುತ್ತದೆ, ಏಕೆಂದರೆ ಬಟ್ಟೆ ಅಲ್ಲಿ ತಗ್ಗಾಗಿದೆ. ಆ ಮಗು ಎತ್ತರವಾಗಲಾರದು. ಎತ್ತರದ ಮಕ್ಕಳೇ ಕೈ ತಗ್ಗಿಸಬೇಕು. ಇದು ಗೊತ್ತಾದ ಕೂಡಲೇ ಚೆಂಡು ನಿಲ್ಲುತ್ತದೆ. ಸಮಸ್ಯೆ ಬಿಡಿಸುವುದು ಎಂದರೆ ಇದೇ. “ಅವಳಿಂದಾಗಿ ಬಿತ್ತು” ಎಂದು ದೂರುವುದನ್ನು ಬಿಟ್ಟು, ಏಕೆ ಬಿತ್ತು ಎಂದು ನೋಡುವುದು.

ಈ ಆಟ ಮುಗಿದ ಮೇಲೆ ಮಕ್ಕಳನ್ನು ಕೂರಿಸಿ ಒಂದು ಘಟನೆಯನ್ನು ಹೇಳಿ. ಪ್ರವಾದಿ ಮುಹಮ್ಮದ್(ಸ)ರಿಗೆ ಮೂವತ್ತೈದು ವರ್ಷ. ಪ್ರವಾದಿತ್ವ ಲಭಿಸಲು ಇನ್ನೂ ಐದು ವರ್ಷಗಳಿದ್ದವು. ಕುರೈಶರು ಕಅಬಾವನ್ನು ಪುನರ್ನಿರ್ಮಿಸುತ್ತಿದ್ದರು. ಗೋಡೆ ಏಳುವವರೆಗೆ ಎಲ್ಲ ಗೋತ್ರಗಳೂ ಕೆಲಸ ಹಂಚಿಕೊಂಡಿದ್ದವು. ಹಜರುಲ್ ಅಸ್ವದ್ ಶಿಲೆಯನ್ನು ಅದರ ಸ್ಥಾನದಲ್ಲಿಡುವ ಗೌರವ ಯಾರಿಗೆ ಎಂಬಲ್ಲಿ ಜಗಳ ಎದ್ದು ಖಡ್ಗದವರೆಗೂ ಹೋಯಿತು. ಮೊದಲು ಒಳಗೆ ಬರುವವರ ತೀರ್ಪನ್ನು ಒಪ್ಪೋಣ ಎಂದು ನಿರ್ಧರಿಸಿದಾಗ ಬಂದವರು ‘ಅಲ್ ಅಮೀನ್’ ಎಂದು ಎಲ್ಲರ ವಿಶ್ವಾಸ ಗಳಿಸಿದ್ದ ಮುಹಮ್ಮದ್(ಸ). ಅವರು ಒಂದು ಬಟ್ಟೆ ತರಿಸಿ, ಶಿಲೆಯನ್ನು ಅದರ ಮೇಲಿಟ್ಟು, ಪ್ರತಿ ಗೋತ್ರದವರೂ ಒಂದೊಂದು ಅಂಚು ಹಿಡಿದು ಎತ್ತುವಂತೆ ಹೇಳಿದರು. ಎತ್ತರಕ್ಕೆ ಬಂದಾಗ ಶಿಲೆಯನ್ನು ತಮ್ಮ ಕೈಯಿಂದಲೇ ಅದರ ಸ್ಥಾನದಲ್ಲಿಟ್ಟರು. ಗೌರವವನ್ನು ಯಾರಿಂದಲೂ ಕಿತ್ತುಕೊಳ್ಳದೆ ಎಲ್ಲರಿಗೂ ಹಂಚಿದ ಪರಿಹಾರ ಅದು. ಈಗಷ್ಟೇ ಬಟ್ಟೆ ಹಿಡಿದು ಬಂದ ಮಕ್ಕಳು ಈ ಘಟನೆಯನ್ನು ಕೇಳುವ ರೀತಿಯೇ ಬೇರೆ. ಅವರ ಬೆರಳುಗಳಿಗೆ ಆ ಭಾರ ಗೊತ್ತಿರುತ್ತದೆ.

ಪಾಠವನ್ನೇ ಹಂಚಿಕೊಂಡರೆ

“ಆಟ ಸರಿ, ಪಾಠ ಯಾವಾಗ?” ಎನ್ನುವವರಿಗೆ ಮೂರನೆಯದು. ಇದರಲ್ಲಿ ಪಾಠವೇ ಆಟ.

1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬಿಳಿಯರ, ಕರಿಯರ ಮತ್ತು ಮೆಕ್ಸಿಕೋ ಮೂಲದವರ ಮಕ್ಕಳು ಹೊಸದಾಗಿ ಒಂದೇ ತರಗತಿಯಲ್ಲಿ ಕೂರತೊಡಗಿದ್ದರು. ಶಾಲೆಗಳಲ್ಲಿ ಹೊಡೆದಾಟಗಳು ನಡೆಯುತ್ತಿದ್ದವು. ಎಲಿಯಟ್ ಆರನ್ಸನ್ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಂದಿಗೆ ತರಗತಿಗಳಲ್ಲಿ ಕುಳಿತು ನೋಡಿದರು. ಶಿಕ್ಷಕಿ ಪ್ರಶ್ನೆ ಕೇಳುತ್ತಾರೆ, ಗೊತ್ತಿರುವವರು ಕೈ ಎತ್ತುತ್ತಾರೆ, ಒಬ್ಬ ತಪ್ಪು ಹೇಳಿದರೆ ಉಳಿದವರಿಗೆ ಸಂತೋಷ. ಇನ್ನೊಬ್ಬರ ಸೋಲೇ ತನ್ನ ಅವಕಾಶವಾದಾಗ ಸ್ನೇಹ ಬೆಳೆಯುವುದು ಹೇಗೆ? ಅವರು ಮಕ್ಕಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಮಾಡಿ, ಪಾಠದ ಒಂದೊಂದು ಭಾಗವನ್ನು ಒಬ್ಬೊಬ್ಬರಿಗೆ ಮಾತ್ರ ಕೊಟ್ಟರು. ತನ್ನ ಭಾಗವನ್ನು ಕಲಿತು ಗುಂಪಿಗೆ ಹೇಳಿಕೊಡಬೇಕು. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ತುಂಡು ತುಂಡಾದ ಚಿತ್ರವನ್ನು ಕೂಡಿಸುವ ಹಾಗೆ ಇರುವುದರಿಂದ ಇದಕ್ಕೆ ‘ಜಿಗ್‌ಸಾ’ ತರಗತಿ ಎಂದು ಹೆಸರಾಯಿತು.

ಒಂದು ಗುಂಪಿನಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಹುಡುಗನಿದ್ದ. ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ. ಮೊದಲ ದಿನಗಳಲ್ಲಿ ಉಳಿದವರು ನಕ್ಕರು. ಆಗ ಅಲ್ಲಿದ್ದವರು ಗದರಿಸದೆ, ಅವನಿಗೆ ಗೊತ್ತಿರುವುದು ನಿಮಗೆ ಪರೀಕ್ಷೆಗೆ ಬೇಕು ಎಂಬುದನ್ನಷ್ಟೇ ನೆನಪಿಸಿದರು. ಮಕ್ಕಳು ನಗುವುದನ್ನು ಬಿಟ್ಟು ಅವನಿಗೆ ಒಳ್ಳೆಯ ಪ್ರಶ್ನೆಗಳನ್ನು ಕೇಳಲು ಕಲಿತರು. ಅವನೂ ನಿಧಾನವಾಗಿ ಬಾಯಿ ಬಿಟ್ಟ.

ಸಹೋದರಿಯರೇ, ಆ ಹುಡುಗ ನಮ್ಮ ತರಗತಿಗಳಲ್ಲಿಯೂ ಇದ್ದಾನೆ. ಮನೆಯಲ್ಲಿ ಬ್ಯಾರಿಯೋ ಉರ್ದುವೋ ನವಾಯತಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ತಡವರಿಸುವ ಮಗು ಅವನೇ. ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ, ಹಿಂದಿನ ಬೆಂಚು ಸೇರುತ್ತದೆ. ಅಂತಹ ಮಗುವಿಗೆ ನಮ್ಮ ಕನಿಕರಕ್ಕಿಂತ ಹೆಚ್ಚಾಗಿ ಬೇಕಾಗಿರುವುದು, ತಾನು ಯಾರಿಗೋ ಬೇಕಾಗಿದ್ದೇನೆ ಎಂಬ ಅನುಭವ. ಕರ್ನಾಟಕದ ನದಿಗಳ ಪಾಠವಿದೆ ಎಂದುಕೊಳ್ಳಿ. ನಾಲ್ವರ ಗುಂಪಿನಲ್ಲಿ ಒಬ್ಬಳಿಗೆ ಕಾವೇರಿ, ಒಬ್ಬಳಿಗೆ ಕೃಷ್ಣಾ, ಒಬ್ಬಳಿಗೆ ಶರಾವತಿ, ಒಬ್ಬಳಿಗೆ ನೇತ್ರಾವತಿ. ಎಲ್ಲ ಗುಂಪುಗಳ ನೇತ್ರಾವತಿಯವರು ಮೊದಲು ಒಂದೆಡೆ ಸೇರಿ ತಮ್ಮ ಭಾಗವನ್ನು ಚರ್ಚಿಸಲಿ. ಮಾತಿಗೆ ಅಂಜುವ ಮಗು ಅಲ್ಲಿ ಒಮ್ಮೆ ಹೇಳಿ ನೋಡಿ ಧೈರ್ಯ ತಂದುಕೊಳ್ಳುತ್ತದೆ. ಆಮೇಲೆ ತಮ್ಮ ತಮ್ಮ ಗುಂಪಿಗೆ ಮರಳಿ ಹೇಳಿಕೊಡಲಿ.

ಇದು ನಮ್ಮ ಪರಂಪರೆಗೆ ಅಪರಿಚಿತವೇನೂ ಅಲ್ಲ. ಉರ್ದು ಮಾಧ್ಯಮದ ಮದ್ರಸಗಳಲ್ಲಿ ಕಲಿತವರಿಗೆ ‘ತಕ್ರಾರ್’ ಗೊತ್ತು. ಹಗಲು ಉಸ್ತಾದರು ಮಾಡಿದ ಪಾಠವನ್ನು ರಾತ್ರಿ ವಿದ್ಯಾರ್ಥಿಗಳು ವೃತ್ತಾಕಾರದಲ್ಲಿ ಕುಳಿತು, ಒಬ್ಬರು ಹೇಳಿ ಉಳಿದವರು ಕೇಳಿ ಪ್ರಶ್ನಿಸಿ, ಮತ್ತೆ ಕಲಿಯುವುದೇ ತಕ್ರಾರ್. ಅರಬಿಯಲ್ಲಿ ಆ ಶಬ್ದದ ಅರ್ಥ ಪುನರಾವರ್ತನೆ ಎಂದು. ಅದೇ ಶಬ್ದ ಕನ್ನಡಕ್ಕೆ ಬಂದು ‘ತಕರಾರು’ ಆಗಿ ಜಗಳ ಎಂಬ ಅರ್ಥ ಪಡೆಯಿತು. ಒಟ್ಟಿಗೆ ಕುಳಿತು ಮಾತಾಡುವುದು ಕಲಿಕೆಯೂ ಆಗಬಹುದು, ತಕರಾರೂ ಆಗಬಹುದು. ಯಾವುದಾಗುತ್ತದೆ ಎಂಬುದು ನಾವು ಮಕ್ಕಳಿಗೆ ಕೊಡುವ ಅಭ್ಯಾಸದ ಮೇಲೆ ನಿಂತಿದೆ.

ಸ್ಪರ್ಧೆಯ ಮಿತಿ

ಹಾಗಾದರೆ ಸ್ಪರ್ಧೆಯೇ ಬೇಡವೇ? ಹಾಗಲ್ಲ. ಪ್ರವಾದಿ(ಸ)ರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಸ್ಪರ್ಧೆ ಉಪ್ಪಿನಂತೆ, ಹಿತಮಿತವಾಗಿದ್ದರೆ ರುಚಿ.

ಅದು ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು ಟರ್ಕಿಯಲ್ಲಿ ಹುಟ್ಟಿದ ಮುಝಫರ್ ಶರೀಫ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲಿ ತೋರಿಸಿದರು. ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬಲ್ಲಿ ಸುಮಾರು ಹನ್ನೊಂದು ವಯಸ್ಸಿನ 22 ಹುಡುಗರ ಬೇಸಿಗೆ ಶಿಬಿರ. ಎರಡು ಗುಂಪು ಮಾಡಿ, ಹಗ್ಗ ಜಗ್ಗಾಟ ಮುಂತಾದ ಸ್ಪರ್ಧೆಗಳನ್ನು ಬಹುಮಾನಕ್ಕಾಗಿ ಇಟ್ಟರು. ಕೆಲವೇ ದಿನಗಳಲ್ಲಿ ಪರಸ್ಪರರ ಧ್ವಜ ಸುಡುವ, ಕೋಣೆಗಳಿಗೆ ನುಗ್ಗುವ ಹಂತಕ್ಕೆ ಹೋಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು, ಪ್ರಯೋಜನವಾಗಲಿಲ್ಲ. ಊಟವನ್ನೇ ಎಸೆದಾಡಿಕೊಂಡರು. ಆಮೇಲೆ ಇಬ್ಬರಿಗೂ ಸೇರಿದ ತೊಂದರೆಗಳು ಬಂದವು. ಶಿಬಿರಕ್ಕೆ ನೀರು ಬರುವುದು ನಿಂತಿತು. ಎರಡೂ ಗುಂಪಿನವರು ಸೇರಿ ಟ್ಯಾಂಕಿನ ದೋಷ ಹುಡುಕಬೇಕಾಯಿತು. ಆಹಾರ ತರಬೇಕಾದ ಟ್ರಕ್ ಚಾಲೂ ಆಗಲಿಲ್ಲ. ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರು. ಆ ಹಗ್ಗ ಯಾವುದು ಗೊತ್ತೇ? ಅವರು ಎದುರುಬದುರಾಗಿ ಜಗ್ಗಿದ್ದ ಅದೇ ಹಗ್ಗ. ಮಕ್ಕಳಿಗೆ ತಿಳಿಸದೆ ಇಂತಹ ಪ್ರಯೋಗ ಮಾಡಿದ್ದು ಸರಿಯೇ ಎಂಬ ಟೀಕೆ ಮುಂದೆ ಬಂತು, ಅದು ನ್ಯಾಯವಾದುದೇ. ಆದರೂ ಆ ಹಗ್ಗದ ಪಾಠ ಉಳಿಯಿತು: ಒಟ್ಟಿಗೆ ಉಣಿಸಿದರೆ ಸಾಲದು, ಒಟ್ಟಿಗೆ ಮಾಡಲು ಒಂದು ಕೆಲಸ ಕೊಡಬೇಕು.

ಹಿಜರಿ 5ರಲ್ಲಿ ಮದೀನಾದ ರಕ್ಷಣೆಗಾಗಿ ಕಂದಕ ತೋಡುವಾಗಲೂ ಹೀಗೆಯೇ ಇತ್ತು. ಸಲ್ಮಾನುಲ್ ಫಾರಿಸೀ(ರ)ರ ಸಲಹೆ ಸ್ವೀಕಾರವಾಯಿತು. ಹತ್ತು ಹತ್ತು ಜನರ ಗುಂಪುಗಳಿಗೆ ಇಂತಿಷ್ಟು ಮೊಳ ಎಂದು ಕೆಲಸ ಹಂಚಲಾಯಿತು ಎಂದು ಚರಿತ್ರೆಯಲ್ಲಿ ಓದುತ್ತೇವೆ. ಪ್ರವಾದಿ(ಸ)ರು ಸ್ವತಃ ಮಣ್ಣು ಹೊತ್ತರು.

ಆಟದ ನಂತರದ ಐದು ನಿಮಿಷ

ಆಟ ಆಡಿಸಿ ಬಿಟ್ಟುಬಿಟ್ಟರೆ ಅದು ಬರೀ ಆಟ. ಮುಗಿದ ಕೂಡಲೇ ಐದು ನಿಮಿಷ ಕೂರಿಸಿ ಮೂರು ಪ್ರಶ್ನೆ ಕೇಳಬೇಕು. ಎಲ್ಲಿ ತಡೆಯಾಯಿತು? ಯಾರು ಏನು ಮಾಡಿದ್ದರಿಂದ ದಾರಿ ತೆರೆಯಿತು? ಮುಂದಿನ ಸಲ ಏನನ್ನು ಬೇರೆ ರೀತಿ ಮಾಡುತ್ತೀರಿ? ಉತ್ತರವನ್ನು ಮಕ್ಕಳೇ ಹೇಳಲಿ, ನಾವು ಹೇಳಬಾರದು.

ಶಿಕ್ಷಕಿಯರಿಗೆ ಇನ್ನೂ ಕೆಲವು ಸೂಚನೆಗಳು. ಗುಂಪನ್ನು ಮಕ್ಕಳ ಇಷ್ಟಕ್ಕೆ ಬಿಡಬೇಡಿ, ಗೆಳತಿಯರು ಗೆಳತಿಯರನ್ನೇ ಆರಿಸುತ್ತಾರೆ, ಒಬ್ಬ ಮಗು ಉಳಿದುಹೋಗುತ್ತದೆ. ಎಣಿಸಿ ಗುಂಪು ಮಾಡಿ. ದೊಡ್ಡ ತರಗತಿಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಗುಂಪು ಇರಲಿ. ಸೋತವರನ್ನು ಹೊರಗೆ ಕೂರಿಸುವ ಆಟಗಳನ್ನು ಕಡಿಮೆ ಮಾಡಿ. ಹೆಚ್ಚು ಅಭ್ಯಾಸ ಬೇಕಾದ ಮಗುವೇ ಮೊದಲು ಹೊರಗೆ ಹೋಗುತ್ತದೆ. ಒಬ್ಬರೇ ಎಲ್ಲವನ್ನೂ ಮಾಡಿ ಉಳಿದವರು ನೋಡುತ್ತಾ ಕುಳಿತರೆ, ಪ್ರತಿಯೊಬ್ಬರಿಗೂ ಅವರಿಲ್ಲದೆ ಮುಗಿಯದಂತಹ ಒಂದು ಕೆಲಸ ಕೊಡಿ.

ನಮ್ಮ ಮನೆಯೂ ಒಂದು ತರಗತಿ

ಮನೆಯಲ್ಲಿ ಇದಕ್ಕೆ ಪ್ರತ್ಯೇಕ ಸಮಯ ಬೇಕಾಗಿಲ್ಲ. ರಮಝಾನಿನಲ್ಲಿ ಇಫ್ತಾರ್‌ಗೆ ಮುಂಚಿನ ಅರ್ಧ ಗಂಟೆಯೇ ಸಾಕು. ಒಬ್ಬರು ಹಣ್ಣು ಕತ್ತರಿಸಲಿ, ಒಬ್ಬರು ಶರಬತ್ತು ಮಾಡಲಿ, ಒಬ್ಬರು ಚಾಪೆ ಹಾಸಿ ಖರ್ಜೂರ, ನೀರು ಇಡಲಿ. ‘ಒಡೆದ ಚೌಕ’ದ ನಿಯಮವನ್ನೇ ಇಲ್ಲಿಯೂ ತನ್ನಿ: ತನ್ನ ಕೆಲಸ ಮುಗಿದವರು ಕೈಕಟ್ಟಿ ಕೂರಬಾರದು, ಇನ್ನೊಬ್ಬರು ಕೇಳುವ ಮೊದಲೇ ನೋಡಿ ಕೈ ಜೋಡಿಸಬೇಕು. ಗಂಡು ಮಕ್ಕಳನ್ನು ಇದರಿಂದ ಬಿಡಬೇಡಿ. ಪ್ರವಾದಿ(ಸ)ರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿರುವುದು ಸಹೀಹ್ ಬುಖಾರಿಯಲ್ಲಿದೆ. ಅಕ್ಕ ಬೆವರು ಸುರಿಸುತ್ತಿರುವಾಗ ತಮ್ಮ ಮೊಬೈಲ್ ಹಿಡಿದು ಕೂರುವ ಮನೆಯಲ್ಲಿ ಸಹಕಾರದ ಪಾಠ ಯಾವ ಶಾಲೆಯಿಂದಲೂ ಬರಲಾರದು.

ಮಗಳು ಶಾಲೆಯಿಂದ ಬಂದಾಗ, “ಎಷ್ಟು ಮಾರ್ಕು ಬಂತು?” ಎಂದು ಕೇಳುವ ಜೊತೆಗೆ, “ಇವತ್ತು ಯಾರಿಗೆ ಏನು ಹೇಳಿಕೊಟ್ಟೆ? ನಿನಗೆ ಯಾರು ಹೇಳಿಕೊಟ್ಟರು?” ಎಂದೂ ಕೇಳಿ. ಒಂದು ವಾರ ಕೇಳಿ ನೋಡಿ. ನಾವು ಕೇಳುವ ಪ್ರಶ್ನೆಯಿಂದಲೇ ಮಕ್ಕಳು ಯಾವುದಕ್ಕೆ ಬೆಲೆ ಎಂದು ತಿಳಿಯುತ್ತಾರೆ. ಹೇಳಿಕೊಡುವವಳಿಗೆ ನಷ್ಟವೂ ಇಲ್ಲ. ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳಬೇಕಾದಾಗಲೇ ಪಾಠ ನಮಗೆ ಗಟ್ಟಿಯಾಗುವುದು ಎಂಬುದನ್ನು ಕಲಿಸಿದವರೆಲ್ಲ ಬಲ್ಲರು.

ಆ ಏಳು ತುಂಡುಗಳನ್ನು ಕತ್ತರಿಸಲು ಹತ್ತು ನಿಮಿಷ ಸಾಕು, ಬಿಸ್ಕೆಟಿನ ಖಾಲಿ ಪೆಟ್ಟಿಗೆಯ ರಟ್ಟು ಸಾಕು. ಶುಕ್ರವಾರ ಸಂಜೆ ಮಕ್ಕಳ ಮುಂದೆ ಇಟ್ಟು ನೀವು ಸುಮ್ಮನೆ ಕುಳಿತು ನೋಡಿ. ನಿಮ್ಮ ಮಕ್ಕಳಲ್ಲಿ ಯಾರು ಬೇಗ ಮುಗಿಸುತ್ತಾರೆ, ಯಾರು ಮೊದಲು ಒಡೆದು ಕೊಡುತ್ತಾರೆ ಎಂಬುದು ಬೇರೆ ಬೇರೆ ಇರಬಹುದು. ಎರಡನೆಯ ಮಗುವಿನ ಬೆನ್ನನ್ನೂ ತಟ್ಟಲು ಮರೆಯಬೇಡಿ.

ಕೊಡಲು ಬಲ್ಲ ಕೈಗಳನ್ನೂ, ಪರಸ್ಪರ ಜೋಡಿಸುವ ಹೃದಯಗಳನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಅನುಗ್ರಹಿಸಲಿ. ಆಮೀನ್.